ಷರಾ ಕಾಲಮ್ಮಿನಲ್ಲಿ ಬರೆದದ್ದು

ಸೋದರಮಾವ ತೀರಿಕೊಂಡು ಎರಡು ಮಳೆಗಾಲ ಕಳೆದವು. ಅವರ ಮಳೆ ಪುಸ್ತಕ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಅತ್ತೆಗೆ ಹಿಂದಿರುಗಿಸಬೇಕೆಂದು ಮಡಿಕೇರಿಯಿಂದ ಮಾದಾಪುರಕ್ಕೆ ಹೊರಟಾಗಲೆಲ್ಲ ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತೇನೆ, ಬಾಗಿಲು ದಾಟುವ ಮೊದಲು ಹೊರಗೆ ತೆಗೆದಿಡುತ್ತೇನೆ. ಮಾವ ಮೂವತ್ತೆಂಟು ವರ್ಷ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದವರು. ನಿವೃತ್ತರಾಗಿ ತಮ್ಮ ನಾಲ್ಕು ಎಕರೆಯ ಜಾಗಕ್ಕೆ ಬಂದ ಮೇಲೂ ತೋಟದ ಆಫೀಸಿನ ಶಿಸ್ತನ್ನು ಬಿಟ್ಟಿರಲಿಲ್ಲ. ಉದ್ದನೆಯ ಲೆಕ್ಕದ ಪುಸ್ತಕ, ಅದರಲ್ಲಿ ಸ್ಕೇಲಿಟ್ಟು ಎಳೆದ ಐದು ಕಾಲಮ್ಮು: ತಾರೀಖು, ಮಳೆ, ಕೆಲಸ, ಆಳು, ಷರಾ. ದೇಶವೆಲ್ಲ ಮಿಲಿಮೀಟರಿಗೆ ಬಂದು ಎಷ್ಟೋ ಕಾಲವಾದರೂ ನಮ್ಮ ಕಡೆಯ ತೋಟದವರು ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿಯೇ ಅಳೆಯುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ಮಾವನ ಪುಸ್ತಕದಲ್ಲಿಯೂ ಹಾಗೆಯೇ ಇದೆ. ಅವರ ಕೊನೆಯ ವರ್ಷದ ಏಪ್ರಿಲ್ ತಿಂಗಳಿನಿಂದ ಆ ಐದರ ನಡುವೆ ಕೆಂಪು ಶಾಯಿಯಲ್ಲಿ ಇನ್ನೆರಡು ಸಣ್ಣ ಕಾಲಮ್ಮುಗಳು ತೂರಿಕೊಂಡಿವೆ. ಒಂದಕ್ಕೆ ‘ಮೇಲಿನದು’ ಎಂದೂ ಇನ್ನೊಂದಕ್ಕೆ ‘ಕೆಳಗಿನದು’ ಎಂದೂ ತಲೆಬರಹ. ಅದು ಅವರ ಬಿಪಿ.

ಆ ಎರಡು ಕೆಂಪು ಕಾಲಮ್ಮುಗಳನ್ನು ಆ ವರ್ಷ ನಾವೆಲ್ಲರೂ ಓದಿದೆವು. ಅತ್ತೆ ಓದಿದರು, ಬೆಂಗಳೂರಿನಲ್ಲಿರುವ ಮಗಳು ಪ್ರತಿ ರಾತ್ರಿ ಫೋನಿನಲ್ಲಿ ಕೇಳಿ ಬರೆದುಕೊಂಡಳು, ಊರಿನ ಡಾಕ್ಟರು ಕನ್ನಡಕ ಏರಿಸಿ ನೋಡಿದರು, ನಾನು ಭಾನುವಾರ ಹೋದಾಗ ಮೊದಲು ಪುಸ್ತಕವನ್ನೇ ತೆರೆಯುತ್ತಿದ್ದೆ. ಯಾರೂ ಓದದೆ ಬಿಟ್ಟದ್ದು ಅದೇ ಸಾಲಿನ ಬಲತುದಿಯಲ್ಲಿದ್ದ ಷರಾ. ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕಡತ ನೋಡಿದವನು ನಾನು. ಕಡತದ ಜೀವ ಇರುವುದು ಷರಾದಲ್ಲಿ ಎಂದು ಹೊಸಬರಿಗೆ ಹೇಳಿಕೊಟ್ಟವನೂ ನಾನೇ.

ಬಿಪಿ ಎಂಬ ಮನೆಯ ಮಾತು

ನಮ್ಮ ಮನೆಗಳಲ್ಲಿ ಬಿಪಿ ಎಂದರೆ ಕಾಯಿಲೆಯಾಗಿ ಉಳಿದಿಲ್ಲ. ಐವತ್ತು ದಾಟಿದವರ ಮನೆಗೆ ಬಂದು ಕೂತ ನೆಂಟ ಅದು. ಮದುವೆಯ ಚಪ್ಪರದಲ್ಲಿ ಇಬ್ಬರು ಹಿರಿಯರು ಭೇಟಿಯಾದರೆ ಕಾಫಿಯ ದರ, ಆನೆಯ ಕಾಟ, ಆಮೇಲೆ ಬಿಪಿ. ಆದರೆ ಈ ಸಲಿಗೆಯ ಜೊತೆಗೆ ಒಂದು ತೀರ್ಪೂ ಬರುತ್ತದೆ. ಸಕ್ಕರೆ ಕಾಯಿಲೆ ವಂಶದಿಂದ ಬಂದಿತೆಂದು ಒಪ್ಪುವ ಜನ ಬಿಪಿ ಮಾತ್ರ ನಾಲಿಗೆಯಿಂದ ಬಂತೆಂದು ತಿಳಿಯುತ್ತಾರೆ. ಹಂದಿ ಮಾಂಸ ಜಾಸ್ತಿ ತಿಂದಿರಬೇಕು, ಒಣಮೀನು ಬಿಟ್ಟಿರಲಿಕ್ಕಿಲ್ಲ, ಸಂಜೆಯ ಎರಡು ಪೆಗ್ಗು ಮೂರಾಗಿರಬೇಕು, ಇಲ್ಲವಾದರೆ ಸಿಟ್ಟು. ಏಪ್ರಿಲ್ 11ರಂದು ಮಾವನ ರಕ್ತದೊತ್ತಡ 190ರ ಮೇಲೆ 104 ಎಂದು ಗೊತ್ತಾದ ದಿನವೇ ಈ ತೀರ್ಪು ಮನೆಯಲ್ಲಿ ಹೊರಬಿದ್ದಿತ್ತು. ಹಿಂದಿನ ವರ್ಷದ ತಪಾಸಣೆಯಲ್ಲಿ ಅದು 128ರ ಮೇಲೆ 80 ಇತ್ತೆಂಬುದನ್ನು ಯಾರೂ ಎತ್ತಲಿಲ್ಲ. ಅರವತ್ತೆಂಟು ವರ್ಷದ ಮನುಷ್ಯನಿಗೆ ಒಂದೇ ವರ್ಷದಲ್ಲಿ ಅಷ್ಟು ಏರಿದ್ದೇಕೆ ಎಂಬ ಪ್ರಶ್ನೆ, ಈಗ ನೋಡಿದರೆ, ಕಣ್ಣಿಗೆ ಕುಕ್ಕುವಂಥದ್ದು.

ಡಾಕ್ಟರನ್ನು ದೂರುವ ಉದ್ದೇಶ ನನಗಿಲ್ಲ. ರಕ್ತದೊತ್ತಡ ಇರುವ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಇಂಥದ್ದೇ ಎಂದು ಬೆರಳಿಟ್ಟು ತೋರಿಸುವ ಕಾರಣ ಇರುವುದಿಲ್ಲ. ವಂಶ, ವಯಸ್ಸು, ತೂಕ, ಉಪ್ಪು ಎಲ್ಲ ಸೇರಿ ಆದದ್ದು ಅದು. ಬಂದವರಿಗೆಲ್ಲ ಹತ್ತು ಬಗೆಯ ಪರೀಕ್ಷೆ ಬರೆದುಕೊಟ್ಟರೆ ಕಾಫಿ ಬೆಳೆಗಾರನ ಜೇಬು ಉಳಿಯುವುದಿಲ್ಲ. ಅವರು ಪದ್ಧತಿಯಂತೆಯೇ ನಡೆದರು. ಮೊದಲು ಆಮ್ಲೋಡಿಪಿನ್ ಕೊಟ್ಟರು, ಮೇ ತಿಂಗಳಲ್ಲಿ ಟೆಲ್ಮಿಸಾರ್ಟನ್ ಸೇರಿಸಿದರು, ಜೂನ್‌ನಲ್ಲಿ ಮೂತ್ರ ಹೆಚ್ಚಿಸಿ ಉಪ್ಪು ಹೊರಹಾಕುವ ಮೂರನೆಯ ಗುಳಿಗೆ ಕೊಟ್ಟರು. ಕೆಂಪು ಕಾಲಮ್ಮು 170ಕ್ಕಿಂತ ಕೆಳಗೆ ಇಳಿಯಲಿಲ್ಲ. ಮೂರನೆಯ ಗುಳಿಗೆ ಮೂತ್ರದಲ್ಲಿ ಉಪ್ಪಿನ ಜೊತೆ ಪೊಟ್ಯಾಸಿಯಂ ಅನ್ನೂ ಹೊರಹಾಕುತ್ತದೆಂಬುದು ನನಗೆ ಆಗ ತಿಳಿದಿರಲಿಲ್ಲ. ಅದಾಗಲೇ ಬರಿದಾಗುತ್ತಿದ್ದ ಕಣಜಕ್ಕೆ ನಾವು ಇನ್ನೊಂದು ತೂತು ಕೊರೆದಿದ್ದೆವು.

ಮೇ ತಿಂಗಳ ಒಂದು ಮಧ್ಯಾಹ್ನವನ್ನು ಇಲ್ಲಿ ಹೇಳಬೇಕು. ಸೋಮವಾರಪೇಟೆಯ ಕಡೆ ನೆಂಟರ ಮದುವೆ. ಮಾವ ನನ್ನ ಪಕ್ಕದಲ್ಲಿ ಊಟಕ್ಕೆ ಕೂತಿದ್ದರು. ಬಡಿಸುವ ಹುಡುಗ ಎಲೆಯ ತುದಿಗೆ ಕಣಿಲೆ ಉಪ್ಪಿನಕಾಯಿ ಹಾಕಿ ಮುಂದೆ ಹೋದ. ಕಳಲೆಯನ್ನು ನಾವು ಕಣಿಲೆ ಎನ್ನುತ್ತೇವೆ, ಅದರ ಉಪ್ಪಿನಕಾಯಿ ಎಂದರೆ ಮಾವನಿಗೆ ಪ್ರಾಣ. ಅವರು ಬೆರಳು ಚಾಚುವ ಮೊದಲೇ ನಾನು ಅದನ್ನು ಎತ್ತಿ ನನ್ನ ಎಲೆಗೆ ಹಾಕಿಕೊಂಡೆ, ಎದುರಿನ ಸಾಲಿಗೂ ಕೇಳುವಂತೆ ‘ಇವರಿಗೆ ಬಿಪಿ, ಉಪ್ಪಿನಕಾಯಿ ಹಾಕಬೇಡಿ’ ಎಂದು ಹುಡುಗನಿಗೆ ಹೇಳಿದೆ. ಎದುರಿನ ಸಾಲಿನವರು ನಕ್ಕರು. ಮಾವನೂ ನಕ್ಕರು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ಎಲೆಯ ಅಂಚಿನಲ್ಲಿಯೇ ಇಟ್ಟುಕೊಂಡು, ಅಲ್ಲಿ ಉಳಿದಿದ್ದ ಎಣ್ಣೆಯ ಕಲೆಯನ್ನು ಕಿರುಬೆರಳಿನಿಂದ ಒರೆಸಿದರು. ಅವರ ಬೆರಳಿನ ಗಿಣ್ಣುಗಳು ಕಪ್ಪಾಗಿದ್ದವು. ಕಾಫಿ ಹಣ್ಣು ಮುಟ್ಟಿದವರ ಕೈ ಹಾಗೆಯೇ ಇರುತ್ತದೆ. ಆದರೆ ಆ ಹೊತ್ತಿಗೆ ಕುಯ್ಲು ಮುಗಿದು ಎರಡು ತಿಂಗಳಾಗಿತ್ತು.

ಕುರ್ಚಿಯಿಂದ ಏಳುವುದು

ಜುಲೈ ಎರಡನೆಯ ವಾರ, ಬಿಡದೆ ಹೊಯ್ಯುವ ಮಳೆಯಲ್ಲಿ, ಮಾವ ಕೊಟ್ಟಿಗೆಯ ಮೆಟ್ಟಿಲಿನ ಬಳಿ ಕುಸಿದರು. ಜಾರಿದ್ದಲ್ಲ, ಕಾಲು ಮಾತು ಕೇಳಲಿಲ್ಲ ಎಂದು ಅವರೇ ಹೇಳಿದರು. ಮರುದಿನ ಅವರನ್ನು ಮಡಿಕೇರಿಗೆ ಕರೆತಂದು ಒಬ್ಬ ಯುವ ವೈದ್ಯೆಗೆ ತೋರಿಸಿದೆ. ನಾನು ಮೂರು ತಿಂಗಳ ಬಿಪಿಯ ಕಥೆ ಶುರುಮಾಡಿದಾಗ ಆಕೆ ಕೈ ಎತ್ತಿ ತಡೆದರು. ಮಾವನ ಕಡೆ ತಿರುಗಿ, ‘ಎರಡೂ ಕೈ ಎದೆಗೆ ಕಟ್ಟಿಕೊಂಡು ಆ ಕುರ್ಚಿಯಿಂದ ಎದ್ದು ನಿಲ್ಲಿ’ ಎಂದರು.

ಮಾವ ಕೈ ಕಟ್ಟಿಕೊಂಡರು. ಸೊಂಟದಿಂದ ಮುಂದಕ್ಕೆ ಬಾಗಿದರು. ಪಾದಗಳನ್ನು ಹಿಂದಕ್ಕೆ ಎಳೆದುಕೊಂಡರು. ಮುಖದ ಸ್ನಾಯುಗಳೆಲ್ಲ ಬಿಗಿದವು, ಕುರ್ಚಿ ಸ್ವಲ್ಪ ಕಿರುಗುಟ್ಟಿತು, ಮನುಷ್ಯ ಮಾತ್ರ ಮೇಲೇಳಲಿಲ್ಲ. ಎರಡನೆಯ ಸಲ ಇನ್ನೂ ಹೆಚ್ಚು ಬಾಗಿದರು, ಅರ್ಧ ಇಂಚು ಎದ್ದು ಧೊಪ್ಪನೆ ಕೂತರು. ಮೂವತ್ತೆಂಟು ವರ್ಷ ದಿನಕ್ಕೆ ಎರಡು ಸಲ ತೋಟದ ಏರಿಳಿತವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿದವರು. ನನಗೆ ತಕ್ಷಣ ನೆನಪಾದದ್ದು ಮಾರ್ಚ್ ಕೊನೆಯ ಒಂದು ಸಂಜೆ. ರೊಬಸ್ಟಾ ಒಣಗಿಸುವ ಕಣದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಣಗಿದೆಯೇ ಎಂದು ನೋಡುತ್ತಿದ್ದ ಮಾವ, ಏಳುವಾಗ ಹಲುಬೆಯ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಕಂಬ ಹತ್ತುವವನಂತೆ ಒಂದರ ಮೇಲೊಂದು ಕೈಯಿಟ್ಟು ಮೇಲೆ ಬಂದಿದ್ದರು. ‘ವಯಸ್ಸಾಯಿತು ಮಾವ’ ಎಂದು ನಾನು ಅಂದಿದ್ದೆ.

ವೈದ್ಯೆ ಮಾವನ ಅಂಗೈಯನ್ನು ಬಿಡಿಸಿ ಗೆರೆಗಳನ್ನು ನೋಡಿದರು, ತುಟಿ ಎತ್ತಿಸಿ ವಸಡು ನೋಡಿದರು. ಅಂಗೈಯ ಗೆರೆಗಳಲ್ಲಿಯೂ ವಸಡಿನಲ್ಲಿಯೂ ಕಪ್ಪು ಇತ್ತು, ಕಾಫಿಯ ಕಲೆ ವಸಡಿಗೆ ಹೋಗಲಾರದು. ಆಮೇಲೆ ಮಳೆ ಪುಸ್ತಕವನ್ನು ಕೇಳಿ ತೆಗೆದುಕೊಂಡು, ಕೆಂಪು ಕಾಲಮ್ಮುಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿ, ಷರಾವನ್ನು ಮೇಲಿನಿಂದ ಕೆಳಗೆ ಓದತೊಡಗಿದರು. ‘ಮೆಟ್ಟಿಲು ಹತ್ತುವಾಗ ತೊಡೆ ಸೋಲು.’ ‘ರಾತ್ರಿ ನಾಲ್ಕು ಸಲ ಎದ್ದದ್ದು.’ ‘ಬೆಲ್ಟಿಗೆ ಇನ್ನೊಂದು ತೂತು.’ ‘ಮುಳ್ಳು ಗೀರಿದ್ದು ಮೂರು ವಾರವಾದರೂ ಮಾಯಲಿಲ್ಲ.’ ‘ನಿದ್ದೆ ಇಲ್ಲ. ಸುಮ್ಮನೆ ಸಿಟ್ಟು.’ ‘ಕೆಮ್ಮು ಬಿಟ್ಟಿಲ್ಲ, ಜೇಷ್ಠಮಧು ಶುರು.’ ಒಬ್ಬ ರೈಟರ್ ಬರೆಯುವ ರೀತಿಯಲ್ಲಿ, ಗೊಣಗಾಟವಿಲ್ಲದೆ, ಪೂರ್ಣವಿರಾಮವಿಟ್ಟು ಬರೆದ ಸಾಲುಗಳು. ಇಡೀ ಕಾಯಿಲೆ ಅಲ್ಲಿತ್ತು. ಆ ಸಂಜೆಯ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 2.3 ಬಂತು. ಇರಬೇಕಾದದ್ದು 3.5ರಿಂದ 5ರವರೆಗೆ. ಹೃದಯ ಯಾವ ಕ್ಷಣವಾದರೂ ಲಯ ತಪ್ಪಬಹುದೆಂದು ಅಂದೇ ರಾತ್ರಿ ದಾಖಲು ಮಾಡಿಕೊಂಡು ಡ್ರಿಪ್ ಹಾಕಿದರು. ಸಕ್ಕರೆ 280 ಇತ್ತು. ಅದೂ ಹೊಸದು.

ಜೇಷ್ಠಮಧುವಿನ ಮೇಲೆ ಬಂದ ಅನುಮಾನ

‘ಜೇಷ್ಠಮಧು ಎಷ್ಟು ತಿನ್ನುತ್ತೀರಿ?’ ಎಂದು ವೈದ್ಯೆ ಕೇಳಿದಾಗ ನನಗೆ ನಗು ಬಂದಿತ್ತು. ಕೆಮ್ಮಿಗೆ ಜೇಷ್ಠಮಧುವಿನ ಕಡ್ಡಿಯನ್ನು ದವಡೆಯಲ್ಲಿಟ್ಟು ಚೀಪುವುದು, ಕಷಾಯಕ್ಕೆ ಹಾಕುವುದು ನಮ್ಮಲ್ಲಿ ಮಗುವಿಗೂ ಗೊತ್ತಿರುವ ಮದ್ದು. ಅದನ್ನು ದಿನವೂ ಹೆಚ್ಚು ತಿಂದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ ಎಂದು ಅಂದು ಮೊದಲ ಸಲ ಕೇಳಿದೆ. ಅದಕ್ಕೆ ಆಕೆ ಕೊಟ್ಟ ವಿವರಣೆ ನನ್ನ ತಲೆಯಲ್ಲಿ ಇಂದಿಗೂ ಹಾಗೆಯೇ ಕೂತಿದೆ. ಮಾವನಿಗೆ ನಿಜವಾಗಿ ಏನಾಗಿತ್ತೆಂಬುದು ನನಗೆ ಅರ್ಥವಾದದ್ದೂ ಅದರ ಮೂಲಕವೇ.

ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಆಲ್ಡೊಸ್ಟಿರೋನ್ ಎಂಬ ಹಾರ್ಮೋನನ್ನು ಬಿಡುತ್ತವೆ. ಮೂತ್ರದಲ್ಲಿ ಹೋಗಲಿರುವ ಉಪ್ಪನ್ನು ಹಿಡಿದು ಒಳಗಿಟ್ಟುಕೊಂಡು ಪೊಟ್ಯಾಸಿಯಂ ಅನ್ನು ಹೊರಗೆ ಬಿಡಲು ಮೂತ್ರಪಿಂಡಕ್ಕೆ ಅಪ್ಪಣೆ ಮಾಡುವುದು ಅದರ ಕೆಲಸ. ಅದೇ ಗ್ರಂಥಿಗಳು ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನನ್ನೂ ಮಾಡುತ್ತವೆ, ಅದು ರಕ್ತದಲ್ಲಿ ಆಲ್ಡೊಸ್ಟಿರೋನಿಗಿಂತ ನೂರಾರು ಪಟ್ಟು ಹೆಚ್ಚು ಇರುತ್ತದೆ. ತೊಡಕು ಏನೆಂದರೆ, ಆಲ್ಡೊಸ್ಟಿರೋನಿಗೆಂದು ಇಟ್ಟ ಬೀಗಕ್ಕೆ ಕಾರ್ಟಿಸೋಲೂ ಕೀಲಿಯಾಗಿ ಕೂರುತ್ತದೆ. ಹಾಗಾಗದಂತೆ ಮೂತ್ರಪಿಂಡದ ಜೀವಕೋಶದ ಬಾಗಿಲಲ್ಲಿ ಒಂದು ಕಿಣ್ವ ಕಾವಲಿದ್ದು, ಒಳಬರುವ ಕಾರ್ಟಿಸೋಲನ್ನು ಬೀಗಕ್ಕೆ ಹೊಂದದ ಕಾರ್ಟಿಸೋನ್ ಆಗಿ ಮಾರ್ಪಡಿಸುತ್ತದೆ. ಜೇಷ್ಠಮಧು ಮಾಡುವುದು ಈ ಕಾವಲುಗಾರನ ಕೈ ಕಟ್ಟುವ ಕೆಲಸ. ಕಾವಲುಗಾರ ನೆಟ್ಟಗೆ ಎಚ್ಚರವಾಗಿದ್ದೂ ಸೋಲುವ ಇನ್ನೊಂದು ಸಂದರ್ಭವಿದೆ. ಉದ್ದನೆಯ ರಜೆ ಬಂದಾಗ ನಮ್ಮ ಅರಣ್ಯ ತಪಾಸಣಾ ಗೇಟುಗಳ ಮುಂದೆ ಪ್ರವಾಸಿಗಳ ಕಾರು ಮೈಲುಗಟ್ಟಲೆ ನಿಲ್ಲುತ್ತದಲ್ಲ, ಆಗ ಗಾರ್ಡ್ ಎಷ್ಟು ವಾಹನ ತಪಾಸಣೆ ಮಾಡಿಯಾನು? ಕೊನೆಗೆ ಗೇಟನ್ನೇ ಎತ್ತಿಟ್ಟು ನಿಲ್ಲುತ್ತಾನೆ. ಕಾರ್ಟಿಸೋಲ್ ಆ ಪರಿಯಲ್ಲಿ ನುಗ್ಗಿದಾಗಲೂ ಆಗುವುದು ಅದೇ. ಆಗ ಆಲ್ಡೊಸ್ಟಿರೋನ್ ಇಲ್ಲದೆಯೇ ದೇಹ ಉಪ್ಪನ್ನು ಬಾಚಿಕೊಳ್ಳುತ್ತದೆ, ಪೊಟ್ಯಾಸಿಯಂ ಸೋರುತ್ತದೆ, ತೊಡೆ ಸೋಲುತ್ತದೆ, ರಕ್ತದೊತ್ತಡ ಸಾಮಾನ್ಯ ಗುಳಿಗೆಗಳಿಗೆ ಬಗ್ಗುವುದಿಲ್ಲ.

ಜೇಷ್ಠಮಧುವನ್ನು ಬಿಡಿಸಿದರು, ಮೂತ್ರದ ಗುಳಿಗೆಯನ್ನೂ ನಿಲ್ಲಿಸಿದರು. ನಾಲ್ಕು ದಿನ ಡ್ರಿಪ್ಪಿನಲ್ಲಿ ಪೊಟ್ಯಾಸಿಯಂ 3.2ಕ್ಕೆ ಏರಿತು. ಮನೆಗೆ ಬಂದು ಒಂದು ವಾರದಲ್ಲಿ, ದಿನಕ್ಕೆ ಮೂರು ಸಲ ಪೊಟ್ಯಾಸಿಯಂ ಸಿರಪ್ ಕುಡಿದರೂ, 2.5ಕ್ಕೆ ಇಳಿಯಿತು. ಅತ್ತೆ ಆ ಹೊತ್ತಿಗೆ ಅಡುಗೆಯಲ್ಲಿ ಉಪ್ಪನ್ನು ಪೂರ್ತಿ ನಿಲ್ಲಿಸಿ, ಭರಣಿಗಳನ್ನೆಲ್ಲ ಅಟ್ಟಕ್ಕೆ ಸಾಗಿಸಿ, ತಾವೂ ಸಪ್ಪೆಯೇ ಉಣ್ಣುತ್ತಿದ್ದರು. ಆಕೆಯ ಅಡುಗೆಗೂ ಈ ಉಪ್ಪಿಗೂ ಸಂಬಂಧವೇ ಇರಲಿಲ್ಲ.

ಆಟಿ ಹದಿನೆಂಟು

ಕಾರ್ಟಿಸೋಲಿನ ಲೆಕ್ಕ ಹಿಡಿಯಲು ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಒಂದೇ ಕ್ಯಾನಿನಲ್ಲಿ ಸಂಗ್ರಹಿಸಬೇಕಾಗುತ್ತದೆ. ಬೆಳಗಿನ ಮೊದಲನೆಯದನ್ನು ಚೆಲ್ಲಿ, ಅಲ್ಲಿಂದ ಮರುದಿನ ಬೆಳಗಿನ ಮೊದಲನೆಯದರವರೆಗೆ ಒಂದು ಹನಿಯೂ ತಪ್ಪಬಾರದು. ಐದು ಲೀಟರಿನ ಕ್ಯಾನನ್ನು ಬಚ್ಚಲಿನ ತಣ್ಣನೆಯ ಮೂಲೆಯಲ್ಲಿಟ್ಟು ಮಾವ ಅದರ ಮೇಲೆ ಹೊತ್ತು ಮತ್ತು ಅಳತೆಯ ಚೀಟಿ ಅಂಟಿಸಿದರು. ಇಷ್ಟು ಶಿಸ್ತಿನ ರೋಗಿ ಲ್ಯಾಬಿನವರಿಗೆ ಸಿಕ್ಕಿರಲಾರ. ಆದರೆ ಆ ದಿನ ಆಗಸ್ಟ್ 3. ಆಟಿ ತಿಂಗಳ ಹದಿನೆಂಟನೆಯ ದಿನ, ಆಟಿ ಹದಿನೆಂಟು. ಆ ದಿನ ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆಂದು ನಮ್ಮವರೂ ಕೊಡವರೂ ಒಂದೇ ಬಾಯಲ್ಲಿ ಹೇಳುತ್ತಾರೆ. ಅತ್ತೆ ಬೇಲಿಯಂಚಿನಿಂದ ಸೊಪ್ಪು ಕುಯ್ದು, ಕುದಿಸಿ, ಆ ನೇರಳೆ ನೀರಿನಲ್ಲಿ ಪಾಯಸ ಮಾಡಿದರು. ವರ್ಷಪೂರ್ತಿ ಕಾಯಿಲೆ ಬಾರದಿರಲೆಂದು ತಿನ್ನುವ ಪಾಯಸವನ್ನು ಕಾಯಿಲೆಯ ಮನುಷ್ಯನಿಗೆ ಕೊಡದೆ ಇರುವುದು ಹೇಗೆ? ಅದರಲ್ಲಿ ಉಪ್ಪೂ ಇಲ್ಲ. ಮಾವ ಎರಡು ಬಟ್ಟಲು ತಿಂದರು.

ಮದ್ದು ಸೊಪ್ಪು ತಿಂದವರ ಮೂತ್ರ ಕೆಂಪಾಗುತ್ತದೆಂಬುದು ಕೊಡಗಿನವರಿಗೆ ಹೇಳಬೇಕಾದ ವಿಷಯವಲ್ಲ. ಚಿಕ್ಕಂದಿನಲ್ಲಿ ನಾವು ಅದನ್ನೇ ಒಬ್ಬರಿಗೊಬ್ಬರು ತೋರಿಸಿಕೊಂಡು ಕೇಕೆ ಹಾಕಿದವರು. ಮರುದಿನ ಕುಶಾಲನಗರದ ಸಂಗ್ರಹ ಕೇಂದ್ರದಲ್ಲಿ ನಾನು ಕ್ಯಾನನ್ನು ಮೇಜಿನ ಮೇಲಿಟ್ಟಾಗ ಅಲ್ಲಿದ್ದ ಹುಡುಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ದಾಸವಾಳದ ಶರಬತ್ತಿನ ಬಣ್ಣ. ‘ಪಾಯಸ ತಿಂದಿದ್ದಾರಾ?’ ಎಂದಳು. ನಾನು ಹೌದೆಂದೆ. ಅವಳು ಇನ್ನೊಂದು ಖಾಲಿ ಕ್ಯಾನನ್ನು ತೆಗೆದುಕೊಟ್ಟು, ಬಣ್ಣ ಹೋದ ಮೇಲೆ ಮತ್ತೆ ಹಿಡಿಯಲು ಹೇಳಿದಳು. ‘ಈ ವಾರ ನೀವು ಮೂರನೆಯವರು’ ಎಂದೂ ಸೇರಿಸಿದಳು. ಆ ಆಗಸ್ಟ್ ತಿಂಗಳಲ್ಲಿ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನಾನು ಈ ಸುದ್ದಿ ಹೇಳಿದಾಗ ಮಾತ್ರ. ಆ ದಿನದ ಷರಾ: ‘ಮದ್ದಿನಿಂದ ಪರೀಕ್ಷೆ ಕೆಟ್ಟಿತು.’

ಎರಡನೆಯ ಕ್ಯಾನಿನ ಫಲಿತಾಂಶ ಬಂದಾಗ ನಗು ಉಳಿಯಲಿಲ್ಲ. ಕಾರ್ಟಿಸೋಲ್ ಮೇಲ್ಮಿತಿಯ ಹಲವು ಪಟ್ಟು ಇತ್ತು. ಸಾಮಾನ್ಯವಾಗಿ ಅದು ಬೆಳಿಗ್ಗೆ ಏರಿ ನಡುರಾತ್ರಿಗೆ ತಳ ಮುಟ್ಟಬೇಕು. ಮಾವನಲ್ಲಿ ಹಗಲಿರುಳಿನ ವ್ಯತ್ಯಾಸವೇ ಅಳಿಸಿಹೋಗಿತ್ತು. ನಿದ್ದೆ ಇಲ್ಲ, ಸುಮ್ಮನೆ ಸಿಟ್ಟು ಎಂದು ಬರೆದದ್ದರ ಅರ್ಥ ಅದು. ಅಡ್ರಿನಲ್‌ಗಳನ್ನು ಓಡಿಸುವುದು ಎಸಿಟಿಎಚ್ ಎಂಬ ಹಾರ್ಮೋನು. ಅದನ್ನು ಮಾಡಬೇಕಾದದ್ದು ಮೆದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ. ಎಸಿಟಿಎಚ್ ರಕ್ತದಲ್ಲಿ ಬಹಳ ಹೆಚ್ಚಿತ್ತು, ಮತ್ತು ಡೆಕ್ಸಾಮೆಥಸೋನ್ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ‘ಸಾಕು’ ಎಂಬ ಸಂದೇಶ ಕಳಿಸಿದರೂ ಕಡಿಮೆಯಾಗಲಿಲ್ಲ. ಪಿಟ್ಯುಟರಿಯಲ್ಲಿ ಎದ್ದ ಗಂಟಾದರೂ ಆ ಮಾತಿಗೆ ಸಾಮಾನ್ಯವಾಗಿ ಸ್ವಲ್ಪ ಬಗ್ಗುತ್ತದೆ. ಬಗ್ಗದ ಎಸಿಟಿಎಚ್ ಬೇರೆಲ್ಲಿಂದಲೋ ಬರುತ್ತಿತ್ತು. ವಸಡು, ಗಿಣ್ಣುಗಳು ಕಪ್ಪಾಗಿದ್ದುದೂ ಅದರಿಂದಲೇ. ಅದು ಚರ್ಮದಲ್ಲಿ ಬಣ್ಣ ಮಾಡುವ ಕೋಶಗಳನ್ನೂ ಕೆಣಕುತ್ತದೆ. ಎದೆಯ ಸಿಟಿ ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ಬುಡದಲ್ಲಿ, ದೊಡ್ಡ ಶ್ವಾಸನಾಳವನ್ನು ತಬ್ಬಿಕೊಂಡು ಒಂದು ಗಡ್ಡೆ ಕಂಡಿತು. ಅಡ್ರಿನಲ್‌ಗಳೆರಡೂ ಊದಿಕೊಂಡಿದ್ದವು.

ಅಲ್ಲಿಂದ ಬಯಾಪ್ಸಿಯ ವರದಿ ಬರುವವರೆಗಿನ ಆರು ದಿನ ನಾನು ಒಂದು ಶಬ್ದಕ್ಕೆ ಜೋತುಬಿದ್ದಿದ್ದೆ: ಕಾರ್ಸಿನಾಯ್ಡ್. ಶ್ವಾಸನಾಳದಲ್ಲಿ ನಿಧಾನವಾಗಿ ಬೆಳೆಯುವ, ಬಹಳ ಸಲ ಕತ್ತರಿಸಿ ತೆಗೆದರೆ ಮುಗಿದುಹೋಗುವ ಗಡ್ಡೆ ಅದು. ಅದೂ ಎಸಿಟಿಎಚ್ ಬಿಡುವುದುಂಟು. ಹಾಗೆ ವಾಸಿಯಾದವರಿದ್ದಾರೆ. ಆದರೆ ಕಾರ್ಸಿನಾಯ್ಡ್ ಇದ್ದವರಲ್ಲಿ ವರ್ಷಗಟ್ಟಲೆ ಕಾರ್ಟಿಸೋಲ್ ಹರಿದು ಮುಖ ಚಂದ್ರನಂತೆ ದುಂಡಗಾಗುವುದುಂಟು, ಹೊಟ್ಟೆ ಬರುವುದುಂಟು. ಮಾವನ ಬೆಲ್ಟಿಗೆ ತೂತಿನ ಮೇಲೆ ತೂತು ಬೀಳುತ್ತಿತ್ತು. ಮೈಗೆ ಬೊಜ್ಜು ಸೇರುವಷ್ಟು ವ್ಯವಧಾನವನ್ನೂ ಕೊಡದ ಗಡ್ಡೆ ಅದು. ವರದಿಯಲ್ಲಿ ಸ್ಮಾಲ್ ಸೆಲ್ ಕಾರ್ಸಿನೋಮ ಎಂದಿತ್ತು. ಯಕೃತ್ತಿಗೆ ಆಗಲೇ ಹಬ್ಬಿತ್ತು. ಬಹುಪಾಲು ಧೂಮಪಾನಿಗಳಿಗೇ ಬರುವ ಕ್ಯಾನ್ಸರ್ ಅದು. ಮಾವ ಮೂವತ್ತು ವರ್ಷ ಬೀಡಿ ಸೇದಿ, ಹನ್ನೆರಡು ವರ್ಷದ ಹಿಂದೆ ಬಿಟ್ಟಿದ್ದರು. ಇಂಥ ಕ್ಯಾನ್ಸರ್ ಬಂದ ನೂರು ಜನರಲ್ಲಿ ಒಬ್ಬರಿಂದ ಐದು ಜನರಿಗಷ್ಟೇ ಈ ಹಾರ್ಮೋನಿನ ಕಾಟ ಕಾಣಿಸಿಕೊಳ್ಳುತ್ತದಂತೆ.

ಇದು ಹೊಸ ಕಾಯಿಲೆಯಲ್ಲ. 1928ರಲ್ಲಿಯೇ ಇಂಗ್ಲೆಂಡಿನಲ್ಲಿ ಬ್ರೌನ್ ಎಂಬ ವೈದ್ಯರು ಗಡ್ಡ ಮೂಡಿದ್ದ, ಸಕ್ಕರೆ ಕಾಯಿಲೆಯಿದ್ದ ಒಬ್ಬ ಹೆಂಗಸಿನ ಬಗ್ಗೆ ಬರೆದಿದ್ದರು. ಆಕೆಯ ಶ್ವಾಸಕೋಶದಲ್ಲಿ ಇದೇ ಜಾತಿಯ ಗಡ್ಡೆ ಇತ್ತು, ಅಡ್ರಿನಲ್‌ಗಳು ಊದಿದ್ದವು. ಪಿಟ್ಯುಟರಿಯ ಗಂಟಿನಿಂದ ಬರುವ ಲಕ್ಷಣಗಳನ್ನು ಹಾರ್ವಿ ಕುಶಿಂಗ್ ವಿವರಿಸಿ, ಕಾಯಿಲೆಗೆ ಅವರ ಹೆಸರೇ ನಿಂತದ್ದು 1932ರ ನಂತರ. ಗಡ್ಡೆಯೇ ಎಸಿಟಿಎಚ್ ತಯಾರಿಸುತ್ತದೆಂಬುದು ಅಮೆರಿಕದ ಗ್ರಾಂಟ್ ಲಿಡ್ಲ್ ಮತ್ತು ಸಂಗಡಿಗರಿಂದ 1960ರ ದಶಕದಲ್ಲಿ ಖಚಿತವಾಯಿತು. ಬ್ರೌನರಿಗೆ ಎರಡನ್ನೂ ಜೋಡಿಸುವ ಸೂತ್ರ ಸಿಕ್ಕಿರಲಿಲ್ಲ, ಆದರೆ ಕಂಡದ್ದನ್ನೆಲ್ಲ ಬರೆದಿಟ್ಟಿದ್ದರು. ಅವರದ್ದೂ ಒಂದು ಬಗೆಯ ಷರಾ.

ಕೆಂಪು ಕಾಲಮ್ಮು ನೆಟ್ಟಗಾದದ್ದು

ಮೈಸೂರಿನಲ್ಲಿ ಕೀಮೋಥೆರಪಿಗೆ ಮುಂಚೆ ಕಾರ್ಟಿಸೋಲನ್ನು ಇಳಿಸಬೇಕೆಂದರು, ಯಾಕೆಂದರೆ ಅದು ಏರಿರುವ ದೇಹಕ್ಕೆ ಸೋಂಕನ್ನು ಎದುರಿಸುವ ಶಕ್ತಿ ಇರುವುದಿಲ್ಲ. ಅದಕ್ಕೆ ಕೊಟ್ಟದ್ದು ಕೀಟೊಕೊನಜೋಲ್. ತಲೆಹೊಟ್ಟಿನ ಶಾಂಪೂವಿನಲ್ಲಿ ಈ ಹೆಸರನ್ನು ನೋಡಿದ್ದ ಮಗಳು ಚೀಟಿ ತಪ್ಪಾಗಿದೆಯೆಂದು ಗಾಬರಿಯಾಗಿ ಔಷಧಿ ಅಂಗಡಿಯಿಂದ ಓಡಿಬಂದಿದ್ದಳು. ಬೂಸಿನ ಮದ್ದಾದ ಅದನ್ನು ಗುಳಿಗೆಯಾಗಿ ನುಂಗಿದರೆ ಅಡ್ರಿನಲ್‌ನಲ್ಲಿ ಕಾರ್ಟಿಸೋಲ್ ತಯಾರಾಗುವುದನ್ನು ತಡೆಯುತ್ತದೆ. ಜೊತೆಗೆ ಸ್ಪೈರೊನೊಲ್ಯಾಕ್ಟೋನ್ ಕೊಟ್ಟರು, ಅದು ಮೂತ್ರಪಿಂಡದ ಆ ಬೀಗದಲ್ಲಿ ತಾನೇ ಕೂತು ಬೇರೆ ಕೀಲಿಗಳನ್ನು ಹೊರಗಿಡುತ್ತದೆ. ಸೆಪ್ಟೆಂಬರ್ ಮೊದಲ ವಾರ ಇಟೊಪೊಸೈಡ್ ಮತ್ತು ಕಾರ್ಬೊಪ್ಲಾಟಿನ್ ಶುರುವಾಯಿತು. ಮೂರು ವಾರದಲ್ಲಿ ಮಾವನ ರಕ್ತದೊತ್ತಡ 130ರ ಮೇಲೆ 80ಕ್ಕೆ ಬಂತು. ಏಪ್ರಿಲ್ ತಿಂಗಳಿನಿಂದ ಇಡೀ ಮನೆ ಬೆನ್ನಟ್ಟಿದ್ದ ಸಂಖ್ಯೆ ಅದು. ಅದು ಸಿಕ್ಕಿದ ದಿನ ಮಾವನನ್ನು ಇಬ್ಬರು ಹಿಡಿದು ಶೌಚಾಲಯಕ್ಕೆ ಕರೆದೊಯ್ಯಬೇಕಾಗಿತ್ತು.

ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದರೇ ಎಂದು ನನ್ನನ್ನು ಹಲವರು ಕೇಳಿದ್ದಾರೆ, ನಾನೂ ವೈದ್ಯೆಯನ್ನು ಕೇಳಿದೆ. ಈ ಗಡ್ಡೆ ಬಹುಪಾಲು ಜನರಲ್ಲಿ ಕಂಡುಬರುವ ಹೊತ್ತಿಗೇ ಹಬ್ಬಿರುತ್ತದೆ, ಹಾರ್ಮೋನಿನ ಕಾಟ ಸೇರಿದರೆ ದಾರಿ ಇನ್ನೂ ಕಿರಿದು ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಏಪ್ರಿಲ್‌ನಲ್ಲಿಯೇ ಪೊಟ್ಯಾಸಿಯಂ ನೋಡಿದ್ದರೆ ಒಂದಷ್ಟು ತಿಂಗಳು ಸಿಗುತ್ತಿತ್ತೋ ಏನೋ. ದುಬಾರಿಯಲ್ಲದ ರಕ್ತಪರೀಕ್ಷೆ ಅದು. ವಯಸ್ಸಾದ ಮೇಲೆ ಇದ್ದಕ್ಕಿದ್ದಂತೆ ಏರಿದ, ಮೂರು ಗುಳಿಗೆಗೂ ಇಳಿಯದ, ಕಾಲಿನ ಸೋಲಿನೊಂದಿಗೆ ಬಂದ ರಕ್ತದೊತ್ತಡ ಯಾರದಾದರೂ ಇದ್ದರೆ ನಾನೀಗ ನಾಚಿಕೆ ಬಿಟ್ಟು ಅದನ್ನು ಮಾಡಿಸಲು ಹೇಳುತ್ತೇನೆ. ಅಂಥವರಲ್ಲಿಯೂ ಬಹಳ ಮಂದಿಗೆ ಸಿಗುವುದು ಇದಕ್ಕಿಂತ ಎಷ್ಟೋ ಸೌಮ್ಯವಾದ ಕಾರಣ. ನನ್ನನ್ನು ಕೊರೆಯುವುದು ಆ ಒಂದಷ್ಟು ತಿಂಗಳ ಲೆಕ್ಕವಲ್ಲ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನಾವೆಲ್ಲ ಸೇರಿ ಆ ಮನುಷ್ಯನನ್ನು ನಾಲಿಗೆ ಹಿಡಿತದಲ್ಲಿಲ್ಲದವನೆಂದು ನಡೆಸಿಕೊಂಡೆವು. ಕದ್ದು ತಿನ್ನುತ್ತಾರೆಂದು ಮಗಳು ಅಮ್ಮನನ್ನು ಬೈದಳು, ಅತ್ತೆ ಅವರ ಅಂಗಿಯ ಜೇಬನ್ನು ಮೂಸಿ ನೋಡಿದರು. ಮಾವ ಒಂದು ದಿನವೂ ತಾನು ತಿಂದಿಲ್ಲವೆಂದು ವಾದಿಸಲಿಲ್ಲ. ಬೀಡಿಯ ವಿಷಯದಲ್ಲಿ ಮಾತ್ರ, ವರದಿ ಬಂದ ರಾತ್ರಿ, ‘ಅದು ನಾನೇ ಮಾಡಿಕೊಂಡದ್ದು, ಉಳಿದದ್ದು ನನ್ನದಲ್ಲ’ ಎಂದರು. ಆ ಮಾತಿಗೆ ಅತ್ತೆ ಎದ್ದು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಮರುದಿನ ಅಟ್ಟದ ಭರಣಿಗಳು ಕೆಳಗೆ ಬಂದವು.

ಮೂರನೆಯ ಸುತ್ತಿನ ನಂತರ ನ್ಯುಮೋನಿಯಾ ಆಯಿತು. ಹುತ್ತರಿಗೆ ಇನ್ನೂ ಮೂರು ವಾರವಿದ್ದಾಗ, ನವೆಂಬರಿನಲ್ಲಿ, ಮಾವ ಹೋದರು. ಪುಸ್ತಕದಲ್ಲಿ ಅಕ್ಟೋಬರ್ 29ರವರೆಗೆ ಅವರ ಕೈಬರಹವಿದೆ. ಕೊನೆಯ ವಾರಗಳಲ್ಲಿ ಅಕ್ಷರ ಗೆರೆಯಿಂದ ಕೆಳಗೆ ಜಾರುತ್ತದೆ, ಮಳೆಯ ಲೆಕ್ಕ ಮಾತ್ರ ಸೆಂಟು ತಪ್ಪದೆ ಇದೆ. ಅತ್ತೆಯನ್ನು ಅಂಗಳದ ಮಳೆಮಾಪಕದ ಹತ್ತಿರ ಕಳಿಸಿ ಓದಿಸಿಕೊಂಡು ಬರೆಯುತ್ತಿದ್ದರು.

ಪುಸ್ತಕವನ್ನು ನಾನು ಮನೆಗೆ ತಂದದ್ದು ತಿಥಿ ಮುಗಿದ ಮೇಲೆ, ಆ ಮೇ ತಿಂಗಳ ಪುಟವನ್ನು ನೋಡುವುದಕ್ಕಾಗಿ. ಮದುವೆಯ ದಿನ ಏನು ಬರೆದಿದ್ದಾರೆಂದು ನೋಡುವ ಧೈರ್ಯ ಬರಲು ಎರಡು ದಿನ ಹಿಡಿಯಿತು. ಮೇಲಿನದು 178, ಕೆಳಗಿನದು 102. ಮಳೆ 35 ಸೆಂಟ್. ಕೆಲಸ ಇಲ್ಲ, ಆಳು ಇಲ್ಲ. ಷರಾ: ‘ಮದುವೆಗೆ ಹೋದದ್ದು. ಅಳಿಯ ಪಕ್ಕದಲ್ಲಿ ಕೂತಿದ್ದ. ಊಟ ಚೆನ್ನಾಗಿತ್ತು.’